ಒಂದು, ಎರಡು ಅದಲು ಬದಲಾಗಿದೆ

ಸಂಪಾದಕರೇ,

ಹೋದ ಭಾನುವಾರ ನಿಮ್ಮ ಮಕ್ಕಳ ಪುಟದಲ್ಲಿ ಬಾಟಲಿ, ಬಲೂನು ಇಟ್ಟುಕೊಂಡು ಶ್ವಾಸಕೋಶದ ಮಾದರಿ ಮಾಡುವುದು ಹೇಗೆ ಅಂತ ಬಂದಿತ್ತು. ಬುಡ ಕತ್ತರಿಸಿದ ಬಾಟಲಿ, ಮುಚ್ಚಳದಲ್ಲಿ ತೂರಿಸಿದ ಸ್ಟ್ರಾ, ಸ್ಟ್ರಾದ ಒಳತುದಿಗೆ ಕಟ್ಟಿದ ಬಲೂನು, ಬಾಟಲಿಯ ಬುಡಕ್ಕೆ ಬಿಗಿದ ರಬ್ಬರ್ ಹಾಳೆ. ಚಿತ್ರ ಚೆನ್ನಾಗಿತ್ತು. ಆದರೆ ಅದರ ಕೆಳಗಿನ ಎರಡು ಸಾಲು ಹಿಂದು ಮುಂದಾಗಿದೆ. '1. ಗಾಳಿ ಒಳಗೆ ಹೋಗುತ್ತದೆ. 2. ಆಗ ಎದೆ ಹಿಗ್ಗುತ್ತದೆ' ಎಂದು ಬರೆದಿದ್ದೀರಿ. ಆಗುವುದು ಉಲ್ಟಾ. ಮೊದಲು ಎದೆ ಹಿಗ್ಗುತ್ತದೆ, ಹಿಗ್ಗಿದ್ದಕ್ಕೇ ಗಾಳಿ ಒಳಗೆ ಬರುತ್ತದೆ. ಇಷ್ಟಕ್ಕೆಲ್ಲ ಪತ್ರ ಬರೆಯಬೇಕಾ ಅಂತ ಮನೆಯವರು ಕೇಳಿದರು. ಬರೆಯಲೇಬೇಕು. ಆ ಬಾಟಲಿ ಇರುವುದೇ ಆ ಒಂದು ಮಾತು ತೋರಿಸಲಿಕ್ಕೆ.

ನಿಮ್ಮನ್ನು ದೂರುವ ಮೊದಲು ನನ್ನದನ್ನು ಒಪ್ಪಿಕೊಂಡುಬಿಡುತ್ತೇನೆ. ನಾನು 31 ವರ್ಷ ವಿಜ್ಞಾನ ಪಾಠ ಮಾಡಿದವಳು. ಮೊದಲ ಆರೇಳು ವರ್ಷ ಇದನ್ನು ಜಾದೂ ತರಹವೇ ಮಾಡುತ್ತಿದ್ದೆ. ಬಾಟಲಿ ಎತ್ತಿ ಹಿಡಿಯುವುದು, ಕೆಳಗಿನ ರಬ್ಬರ್ ಎಳೆಯುವುದು, ಒಳಗಿನ ಬಲೂನು ಉಬ್ಬುವುದು, ಚಪ್ಪಾಳೆ. ಪಾಠ ಮುಗಿಯಿತು. ಪರೀಕ್ಷೆಯಲ್ಲಿ ಎಲ್ಲರೂ ಅಂದವಾಗಿ ಚಿತ್ರ ಬರೆದು ಭಾಗಗಳನ್ನು ಗುರುತಿಸುತ್ತಿದ್ದರು. ಒಂದು ಸಲ ಒಬ್ಬ ಹುಡುಗನನ್ನು ಸುಮ್ನೆ ಕೇಳಿದೆ, 'ಬಲೂನು ಯಾಕೆ ಉಬ್ಬಿತು?' 'ಮೇಲಿಂದ ನೀವು ಊದಿದ್ರಲ್ಲ ಮಿಸ್' ಅಂದ. ನಾನು ಸ್ಟ್ರಾಗೆ ಬಾಯಿ ಇಟ್ಟಿರಲೇ ಇಲ್ಲ! ಬಲೂನು ಅಂದರೆ ಯಾರೋ ಊದಬೇಕು, ಅವನ ಲೆಕ್ಕ ಅಷ್ಟೇ. ಕಣ್ಣಾರೆ ಕಂಡದ್ದನ್ನೂ ಆ ಲೆಕ್ಕ ನುಂಗಿಹಾಕಿತ್ತು.

ಅವತ್ತಿನಿಂದ ಒಂದು ಪದ್ಧತಿ ಮಾಡಿಕೊಂಡೆ. ರಬ್ಬರ್ ಹಿಡಿದುಕೊಳ್ಳುವುದು, ಎಳೆಯದೆ ನಿಲ್ಲುವುದು. 'ಈಗ ಬಲೂನು ಏನಾಗುತ್ತೆ? ಬರೆದಿಡಿ.' ಉಬ್ಬುತ್ತೆ ಅನ್ನುವವರು, ಮುದುಡುತ್ತೆ ಅನ್ನುವವರು, ಒಡೆಯುತ್ತೆ ಅಂತ ಆಸೆಯಿಂದ ಕಾಯುವವರು, ಎಲ್ಲರೂ ಸಿಗುತ್ತಿದ್ದರು. ಬರೆದಿಟ್ಟ ಮೇಲೆ ಮಕ್ಕಳು ನೋಡುವ ರೀತಿಯೇ ಬೇರೆ.

ಕಾರಣ ಹೇಳಲಿಕ್ಕೆ ಸೂಜಿ ಇಲ್ಲದ ಸಿರಿಂಜ್ ಒಂದು ಸಾಕು. ತುದಿಗೆ ಬೆರಳು ಒತ್ತಿ ಹಿಡಿದು ಹಿಡಿಕೆ ಹಿಂದಕ್ಕೆ ಎಳೆಯಲಿ. ಬೆರಳಿನ ತುದಿ ಒಳಕ್ಕೆ ಸೆಳೆದುಕೊಳ್ಳುವುದು ಗೊತ್ತಾಗುತ್ತದೆ. ಗಾಳಿ ಅಷ್ಟೇ ಇದೆ, ಜಾಗ ಮಾತ್ರ ಜಾಸ್ತಿಯಾಯಿತು, ಒತ್ತಡ ಕಡಿಮೆಯಾಯಿತು. ವಿಜ್ಞಾನಿ ರಾಬರ್ಟ್ ಬಾಯ್ಲ್ 1662ರಲ್ಲಿ ಹೇಳಿದ್ದು ಇದನ್ನೇ. ಬಾಟಲಿಯಲ್ಲೂ ಅದೇ. ರಬ್ಬರ್ ಎಳೆದಾಗ ಒಳಗೆ ಜಾಗ ಹೆಚ್ಚುತ್ತದೆ, ಒತ್ತಡ ಇಳಿಯುತ್ತದೆ, ಹೊರಗಿನ ಗಾಳಿ ಸ್ಟ್ರಾ ದಾರಿಯಲ್ಲಿ ಬಲೂನಿಗೆ ನುಗ್ಗುತ್ತದೆ. ಈ ಆಟವೂ ಹೊಸದೇನಲ್ಲ. ಇಂಗ್ಲೆಂಡಿನ ಜಾನ್ ಮೇಯೊ ಎಂಬ ವೈದ್ಯ ಉಸಿರಾಟದ ಬಗ್ಗೆ 1668ರಲ್ಲೇ ಬರೆದವನು. ತಿದಿಯೊಳಗೆ ಒಂದು ಚೀಲ ಕೂರಿಸಿ, ತಿದಿ ಅಗಲವಾದಾಗ ಚೀಲಕ್ಕೆ ಗಾಳಿ ತಾನಾಗಿ ತುಂಬುತ್ತದೆ ಅಂತ ವಿವರಿಸಿದ್ದ. ನಮ್ಮ ಬಾಟಲಿ ಆ ತಿದಿಯ ಮೊಮ್ಮಗಳು.

ನಿಮ್ಮ ಪುಟದಲ್ಲಿ 'ಎಲ್ಲಾ ಜೋಡಣೆ ಸರಿಯಾಗಿದ್ದರೆ' ಅಂತ ಒಂದು ಮಾತಿತ್ತು. ಸರಿಯಾಗಿರುವುದಿಲ್ಲ ಸ್ವಾಮಿ. ತರಗತಿಯಲ್ಲಿ ಹತ್ತು ಬಾಟಲಿ ಮಾಡಿದರೆ ನಾಲ್ಕು ಕೆಲಸ ಮಾಡುವುದಿಲ್ಲ. ನನಗೆ ಆ ನಾಲ್ಕರ ಮೇಲೇ ಪ್ರೀತಿ. ಹಿಂದಿನ ಬೆಂಚಿನ ಒಬ್ಬಳು ಹುಡುಗಿ ಎಷ್ಟು ಎಳೆದರೂ ಬಲೂನು ಅಲ್ಲಾಡಲಿಲ್ಲ. ಅಳುವುದೊಂದು ಬಾಕಿ. ಮುಚ್ಚಳದ ಸುತ್ತ ಸೋಪಿನ ನೀರು ಸವರಿದೆವು. ಸ್ಟ್ರಾ ಬಾಯಿಗೆ ಅವಳು ಬೆರಳು ಮುಚ್ಚಿದಳು, ನಾನು ಕೆಳಗಿನ ರಬ್ಬರನ್ನು ಒಳಕ್ಕೆ ಒತ್ತಿದೆ. ಸ್ಟ್ರಾ ಬುಡದಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆ ಎದ್ದಿತು, ಒಡೆಯಿತು, ಮತ್ತೊಂದು ಎದ್ದಿತು. ಕಳ್ಳ ಸಿಕ್ಕಿಬಿದ್ದ. ಒರೆಸಿ, ಅಲ್ಲಿಗೆ ಒಂದು ಚಿಟಿಕೆ ಜೇಡಿಮಣ್ಣು ಮೆತ್ತಿ ಮತ್ತೆ ಎಳೆದಳು. ಬಲೂನು ಪುಸಕ್ಕನೆ ಬಿಚ್ಚಿಕೊಂಡಿತು.

ಅಷ್ಟು ಸಣ್ಣ ತೂತು ಇಡೀ ಬಾಟಲಿಯನ್ನು ಕೆಡಿಸಿದ್ದು ಹೇಗೆ? ಗಾಳಿಗೆ ಸುಲಭದ ದಾರಿ ಸಿಕ್ಕಿತು, ಬಲೂನನ್ನು ಹಿಗ್ಗಿಸುವ ಕಷ್ಟ ಅದಕ್ಕೆ ಯಾಕೆ? ಮನುಷ್ಯನ ಎದೆಗೂಡಿಗೆ ಗಾಯವಾಗಿ ಶ್ವಾಸಕೋಶದ ಹೊರಗಿನ ಜಾಗಕ್ಕೆ ಗಾಳಿ ಹೊಕ್ಕರೂ ಇದೇ ಕಥೆ. ಶ್ವಾಸಕೋಶ ಕುಗ್ಗಿಬಿಡುತ್ತದೆ. ವೈದ್ಯರು ಆ ಜಾಗಕ್ಕೆ ನಳಿಕೆ ಹಾಕಿ ಗಾಳಿ ಹೊರತೆಗೆಯುತ್ತಾರೆ. ಮೊದಲ ಸಲಕ್ಕೇ ಸರಿಬಂದ ಬಾಟಲಿ ಇಟ್ಟುಕೊಂಡು ಈ ಪಾಠ ಮಾಡಲು ಆಗುತ್ತಿತ್ತಾ?

ಇನ್ನೊಂದು ಗುಂಪು ತೀರಾ ತೆಳು ಬಾಟಲಿ ತಂದಿತ್ತು. ರಬ್ಬರ್ ಎಳೆದರೆ ಬಲೂನು ಉಬ್ಬುವ ಬದಲು ಬಾಟಲಿಯ ಪಕ್ಕಗಳೇ ಲೊಟಕ್ ಅಂತ ಒಳಗೆ ಬಿದ್ದವು. ಪಕ್ಕೆಲುಬು ಯಾಕಿದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನ ಬಳಿ ಇಲ್ಲ. ನ್ಯುಮೋನಿಯಾ ಜೋರಾದ ಎಳೆಮಗು ಉಸಿರೆಳೆದಾಗ ಎದೆಯ ಕೆಳಭಾಗ ಒಳಕ್ಕೆ ಸೆಳೆದುಕೊಳ್ಳುವುದನ್ನು ಕಂಡವರಿಗೆ ಆ ತೆಳು ಬಾಟಲಿ ನೆನಪಾಗುತ್ತದೆ. ಹಾಗೆ ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು, ಆ ಮಾತು ಬೇರೆ.

ರಬ್ಬರನ್ನು ಗಬಕ್ಕನೆ ಜಗ್ಗಿದರೆ ಬಿಕ್ಕಳಿಕೆ. ಇದು ಮಕ್ಕಳೇ ಕಂಡುಹಿಡಿದದ್ದು, ನಾನಲ್ಲ. ಬಾಟಲಿಯ ರಬ್ಬರ್ ಇರುವ ಜಾಗದಲ್ಲಿ ನಮಗೆ ವಪೆ ಇದೆ, ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ. ನಿಜವಾದ ಬಿಕ್ಕಳಿಕೆಯಲ್ಲಿ ಅದು ಹೀಗೇ ತಟ್ಟನೆ ಸೆಳೆಯುತ್ತದೆ, ಗಂಟಲಿನ ಬಾಗಿಲು ಮುಚ್ಚಿಕೊಳ್ಳುತ್ತದೆ, 'ಹಿಕ್' ಅನ್ನುತ್ತದೆ.

ಮಾಡುವವರಿಗೆ ಎರಡು ಮಾತು. ಒಳಗಿನ ಬಲೂನನ್ನು ಕಟ್ಟುವ ಮೊದಲು ನಾಲ್ಕೈದು ಸಲ ಊದಿ ಬಿಡಿ, ಮೆತ್ತಗಾಗುತ್ತದೆ. ಬಾಟಲಿ ಕತ್ತರಿಸುವ ಕೆಲಸ ದೊಡ್ಡವರದು, ಅಂಚಿಗೆ ಟೇಪ್ ಸುತ್ತಲೇಬೇಕು. ಉಳಿದದ್ದೆಲ್ಲ ಮಕ್ಕಳು ಮಾಡಲಿ. ಅಪ್ಪ ಅಮ್ಮ ರಾತ್ರಿ ಕೂತು ಮಾಡಿಕೊಟ್ಟ ಮಾದರಿಗಳು ಬಲು ಚೆಂದ ಇರುತ್ತವೆ, ಮಗುವಿಗೆ ಅದರಲ್ಲಿ ಹೇಳಲು ಏನೂ ಇರುವುದಿಲ್ಲ. ಹಾಂ, ಬಲೂನಿನ ಚೂರುಗಳನ್ನು ಆಯ್ದು ಬಿಸಾಡಿ. ಪುಟ್ಟ ಮಕ್ಕಳ ಗಂಟಲಿಗೆ ಅವು ಅಪಾಯ.

ನಿಮ್ಮ ಪುಟದಲ್ಲಿ ನನಗೆ ಕಂಡ ಇನ್ನೊಂದು ಕೊರತೆ, ಮಾದರಿ ಎಲ್ಲೆಲ್ಲಿ ಸುಳ್ಳು ಹೇಳುತ್ತದೆ ಅಂತ ಹೇಳಲೇ ಇಲ್ಲ. ನಾನು ಅದಕ್ಕೇ ಒಂದು ಪೂರ್ತಿ ಪೀರಿಯಡ್ ಇಡುತ್ತಿದ್ದೆ. 'ಈ ಬಾಟಲಿಯ ಸುಳ್ಳುಗಳನ್ನು ಹಿಡಿಯಿರಿ' ಅಂದರೆ ಮಕ್ಕಳಿಗೆ ಖುಷಿ. ಬಾಟಲಿ ಹಿಗ್ಗುವುದಿಲ್ಲ, ನಮ್ಮ ಪಕ್ಕೆಲುಬು ಮೇಲಕ್ಕೂ ಹೊರಕ್ಕೂ ಏಳುತ್ತದೆ. ಬಲೂನು ಖಾಲಿ ಚೀಲ, ಶ್ವಾಸಕೋಶ ಸ್ಪಂಜಿನ ಹಾಗೆ, ಒಳಗೆ ಸುಮಾರು 30 ಕೋಟಿ ಪುಟಾಣಿ ಗಾಳಿಗೂಡುಗಳು. ಬಲೂನು ಪೂರ್ತಿ ಚಪ್ಪಟೆಯಾಗುತ್ತದೆ, ನಾವು ದಮ್ಮುಕಟ್ಟಿ ಎಷ್ಟೇ ಗಾಳಿ ಹೊರಹಾಕಿದರೂ ಶ್ವಾಸಕೋಶದಲ್ಲಿ ಒಂದು ಲೀಟರಿಗೂ ಹೆಚ್ಚು ಉಳಿದೇ ಇರುತ್ತದೆ. ಬಾಟಲಿಗೂ ಬಲೂನಿಗೂ ನಡುವೆ ಇಷ್ಟಗಲ ಜಾಗ. ಎದೆಯಲ್ಲಿ ಅಲ್ಲಿರುವುದು ತೆಳ್ಳನೆ ದ್ರವದ ಪದರ ಮಾತ್ರ. ಒದ್ದೆ ಮಾಡಿದ ಎರಡು ಗಾಜಿನ ತುಂಡು ಅಂಟಿಕೊಂಡ ಹಾಗೆ ಶ್ವಾಸಕೋಶ ಎದೆಯ ಗೋಡೆಗೆ ಅಂಟಿಕೊಂಡೇ ಹಿಗ್ಗುತ್ತದೆ. ಎಲ್ಲಕ್ಕಿಂತ ದೊಡ್ಡ ಸುಳ್ಳು ಕೆಳಗಿನ ರಬ್ಬರಿನದು. ಅದು ಸುಮ್ಮನಿದ್ದಾಗ ಸಪಾಟು. ನಮ್ಮ ವಪೆ ಸುಮ್ಮನಿದ್ದಾಗ ಕವುಚಿಟ್ಟ ಬಟ್ಟಲು, ಕೆಲಸ ಮಾಡುವಾಗ ಸಪಾಟಾಗುತ್ತದೆ.

ವಪೆ ಕೆಳಗಿಳಿಯುವುದನ್ನು ನೋಡಬೇಕಾದರೆ ಬಾಟಲಿಯೇ ಬೇಡ. ಮಗುವನ್ನು ಅಂಗಾತ ಮಲಗಿಸಿ, ಹೊಟ್ಟೆಯ ಮೇಲೆ ಒಂದು ಪುಸ್ತಕ ಇಡಿ. ಉಸಿರೆಳೆದಾಗ ಪುಸ್ತಕ ಏಳುತ್ತದೆ. 'ಹೊಟ್ಟೆಗೆ ಗಾಳಿ ಹೋಯ್ತು' ಅಂತ ಎಲ್ಲ ಮಕ್ಕಳೂ ಹೇಳುತ್ತವೆ. ಹೊಟ್ಟೆಗೆ ಗಾಳಿ ಹೋಗಿಲ್ಲ. ಮೇಲಿಂದ ವಪೆ ತಳ್ಳಿದ್ದಕ್ಕೆ ಕರುಳು, ಜಠರ ಎಲ್ಲ ಮುಂದಕ್ಕೆ ಸರಿದವು, ಅಷ್ಟೇ.

ದೊಡ್ಡ ಮಕ್ಕಳಿಗೆ ಕಬ್ಬಿಣದ ಶ್ವಾಸಕೋಶದ ಕಥೆ ಹೇಳುತ್ತಿದ್ದೆ. ಪೋಲಿಯೊದಿಂದ ಉಸಿರಾಟದ ಸ್ನಾಯುಗಳು ಸೋತವರನ್ನು, ತಲೆ ಮಾತ್ರ ಹೊರಗಿರುವಂತೆ ಒಂದು ಪೀಪಾಯಿಯಲ್ಲಿ ಮಲಗಿಸುತ್ತಿದ್ದರು. ಪೀಪಾಯಿಯೊಳಗೆ ಒತ್ತಡ ಇಳಿಸಿದರೆ ಎದೆ ಹಿಗ್ಗುತ್ತಿತ್ತು, ಮೂಗಿನಿಂದ ಗಾಳಿ ತಾನೇ ಬರುತ್ತಿತ್ತು. ಫಿಲಿಪ್ ಡ್ರಿಂಕರ್ ಮತ್ತು ಲೂಯಿಸ್ ಶಾ ಮಾಡಿದ ಆ ಯಂತ್ರವನ್ನು 1928ರಲ್ಲಿ ಬೋಸ್ಟನ್ನಿನಲ್ಲಿ ಮೊದಲ ಸಲ ಒಂದು ಮಗುವಿಗೆ ಬಳಸಿದರು. ಊದಲಿಲ್ಲ ನೋಡಿ, ಜಾಗ ಮಾಡಿಕೊಟ್ಟರು.

ಒಮ್ಮೆ ಒಬ್ಬಳು ಕೇಳಿದಳು, 'ಮಿಸ್, ಇಲ್ಲಿ ರಬ್ಬರ್ ನೀವು ಎಳೀತೀರಿ. ನಿದ್ದೆ ಮಾಡುವಾಗ ನಮ್ಮದನ್ನ ಯಾರು ಎಳೀತಾರೆ?' ಮೆದುಳಿನ ಬುಡದಿಂದ ಅಪ್ಪಣೆ ಹೊರಡುತ್ತದೆ, ಕುತ್ತಿಗೆಯಿಂದ ಇಳಿಯುವ ಒಂದು ಜೊತೆ ನರ ಅದನ್ನು ವಪೆಗೆ ಮುಟ್ಟಿಸುತ್ತದೆ ಅಂತ ಹೇಳಿದೆ. ಅವಳು ಸ್ವಲ್ಪ ಹೊತ್ತು ತನ್ನ ಕುತ್ತಿಗೆ ಮುಟ್ಟಿಕೊಂಡು ಕೂತಿದ್ದಳು.

ತಿದ್ದುಪಡಿ ಹಾಕುವುದಾದರೆ ಒಳಪುಟದ ಮೂಲೆಯಲ್ಲಿ ಹಾಕಬೇಡಿ, ಮಕ್ಕಳು ಅಲ್ಲಿಗೆ ಬರುವುದಿಲ್ಲ. ಅದೇ ಪುಟದಲ್ಲಿ ಅದೇ ಚಿತ್ರ ಇನ್ನೊಮ್ಮೆ ಹಾಕಿ. ಒಂದು, ಎರಡು ಅಂತ ಉತ್ತರ ಬರೆಯುವ ಬದಲು 'ರಬ್ಬರ್ ಎಳೆಯುವ ಮೊದಲು ಬರೆದಿಡಿ: ಬಲೂನು ಏನಾಗುತ್ತೆ?' ಅಂತ ಕೇಳಿ, ಕೆಳಗೆ ಎರಡು ಗೆರೆ ಖಾಲಿ ಬಿಡಿ.

ಇಂತಿ,
ನಿವೃತ್ತ ವಿಜ್ಞಾನ ಶಿಕ್ಷಕಿ