ಮ್ಯಾಜಿಕ್ ರೆಸಿಸ್ಟೆನ್ಸ್: ದಾಳ ಯಾರ ಕೈಲಿ?

ಮಾನ್ಯರೇ,

ಪಾತ್ರ ವಹಿಸಿ, ದಾಳ ಉರುಳಿಸಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ಒಂದು ಜೀವಿಗೆ ‘ಮ್ಯಾಜಿಕ್ ರೆಸಿಸ್ಟೆನ್ಸ್’ (ಮಂತ್ರ ತಡೆಯುವ ಗುಣ) ಇದ್ದರೆ ಮಂತ್ರದ ಪೆಟ್ಟು ಅರ್ಧವಾಗುತ್ತದೆ ಎಂದೇ ಹಲವರು ತಿಳಿದಿದ್ದಾರೆ. ಅದು ತಪ್ಪು. ಐದನೇ ಆವೃತ್ತಿಯಲ್ಲಿ ಅದು ಸೇವಿಂಗ್ ಥ್ರೋಗೆ, ಅಂದರೆ ಮಂತ್ರದಿಂದ ಪಾರಾಗಲು ಗುರಿಯಾದ ಜೀವಿಯ ಪರವಾಗಿ ಉರುಳಿಸುವ ದಾಳಕ್ಕೆ, ಸಿಗುವ ಅನುಕೂಲವಷ್ಟೆ: 20 ಮುಖದ ದಾಳವನ್ನು ಎರಡು ಸಲ ಉರುಳಿಸಿ ದೊಡ್ಡ ಅಂಕೆ ಇಟ್ಟುಕೊಳ್ಳುವುದು. ದಾಳದಲ್ಲಿ 11 ಅಥವಾ ಹೆಚ್ಚು ಬೇಕಿದ್ದರೆ ಗೆಲ್ಲುವ ಸಾಧ್ಯತೆ ಶೇ 50ರಿಂದ 75ಕ್ಕೇರುತ್ತದೆ. ಫೈರ್‌ಬಾಲ್ ಎಂಬ ಬೆಂಕಿಯ ಮಂತ್ರದಲ್ಲಿ ಈ ಗುಣ ಇರಲಿ, ಇಲ್ಲದಿರಲಿ, ಥ್ರೋ ಗೆದ್ದವರಿಗೆಲ್ಲ ಅರ್ಧ ಪೆಟ್ಟು. ಗೊಂದಲ ಹುಟ್ಟುವುದು ಇಲ್ಲೇ. ಥ್ರೋ ಅವಕಾಶವೇ ಇಲ್ಲದ ಮ್ಯಾಜಿಕ್ ಮಿಸೈಲ್ ಎಂಬ ಮಂತ್ರದ ಎದುರು ಈ ಗುಣ ಏನೂ ಮಾಡದು.

ಮೂರನೇ ಆವೃತ್ತಿಯ ‘ಸ್ಪೆಲ್ ರೆಸಿಸ್ಟೆನ್ಸ್’ ಬೇರೆಯೇ. ಅಲ್ಲಿ ದಾಳ ಉರುಳಿಸುವುದು ಮಂತ್ರ ಹಾಕುವವರು. ಬಿದ್ದ ಅಂಕೆಗೆ ಕಾಸ್ಟರ್ ಲೆವೆಲ್ (ಮಂತ್ರ ಹಾಕುವವರ ಮಟ್ಟ) ಕೂಡಿಸಬೇಕು; ಮೊತ್ತ ಜೀವಿಯ ರೆಸಿಸ್ಟೆನ್ಸ್ ಅಂಕೆಯನ್ನು ಮುಟ್ಟಬೇಕು. ರೆಸಿಸ್ಟೆನ್ಸ್ 18, ಲೆವೆಲ್ 7 ಇದ್ದರೆ ಕನಿಷ್ಠ 11 ಬೀಳಲೇಬೇಕು. ಬೀಳದಿದ್ದರೆ ಆ ಜೀವಿಗೆ ಮಂತ್ರ ತಾಗುವುದೇ ಇಲ್ಲ. ಆಟ ನಡೆಸುವವರು ದಯವಿಟ್ಟು ಇವೆರಡನ್ನೂ ಬೆರೆಸಬಾರದು.

– ಒಬ್ಬ ಓದುಗ