ಕೆಳಗಿನ ಗದ್ದೆ ತುಂಬಿಸುವ ಮೊದಲು

ರೋಲ್ಸ್‌ಟನ್, ನ್ಯೂಜಿಲೆಂಡ್

ಪ್ರೀತಿಯ ಅಪ್ಪ, ಆಯಿ,

ನಮಸ್ಕಾರ. ನಾವು ಮೂವರೂ ಇಲ್ಲಿ ಆರಾಮ. ಚಳಿ ಜೋರಾಗಿದೆ, ಬೆಳಿಗ್ಗೆ ಹುಲ್ಲಿನ ಮೇಲೆಲ್ಲ ಬೆಳ್ಳಗೆ ಇಬ್ಬನಿ ಗಟ್ಟಿಯಾಗಿ ಕೂತಿರುತ್ತದೆ. ಪುಟ್ಟಿಗೆ ಅದರ ಮೇಲೆ ನಡೆಯುವುದೇ ಆಟ. ಕಾರವಾರದ ಪಕ್ಕ ನಮ್ಮ ಶಿರವಾಡದಲ್ಲಿ ಮಳೆ ಹಿಡಿದಿದೆ ಅಂತ ತಮ್ಮ ಹೇಳಿದ. ಆಯಿ, ಅಂಗಳದಲ್ಲಿ ಪಾಚಿ ಕಟ್ಟಿದ ಕಡೆ ಹುಷಾರಾಗಿ ಓಡಾಡು.

ಅಪ್ಪ, ಮೊನ್ನೆ ಫೋನಿನಲ್ಲಿ ನಮ್ಮ ಮಾತು ಅರ್ಧಕ್ಕೇ ನಿಂತಿತು. ಏಜೆಂಟ್ ಹೇಳಿದ ಹಾಗೆ ಕೆಳಗಿನ ಗದ್ದೆಗೆ ಮಣ್ಣು ತುಂಬಿಸಿ, ಎನ್.ಎ. (ಕೃಷಿಯೇತರ ಜಮೀನು) ಮಾಡಿಸಿ, ಸೈಟ್ ಹಾಕುವ ವಿಚಾರ. ತಮ್ಮನಿಗೂ ಮನಸ್ಸಿದೆ ಅಂತ ಗೊತ್ತಾಯಿತು. ನನಗೆ ಅನ್ನಿಸಿದ್ದನ್ನು ನೇರವಾಗಿ ಹೇಳುತ್ತೇನೆ. ರಸ್ತೆ ಬದಿಯ ಎತ್ತರದ ಜಾಗ ಬೇಕಾದರೆ ಕೊಡು. ಕೆಳಗಿನ ಗದ್ದೆ ಮಾತ್ರ ತುಂಬಿಸಬೇಡ.

ನಾವಿರುವ ಈ ಊರೂ ಶಿರವಾಡದ ಹಾಗೇ ಒಂದು ಪಟ್ಟಣದ ಪಕ್ಕದ್ದು. ಕ್ರೈಸ್ಟ್‌ಚರ್ಚ್‌ನಿಂದ ಸುಮಾರು 25 ಕಿ.ಮೀ. ಮೊದಲು ಇದೂ ಒಂದು ರೈಲು ಸ್ಟೇಷನ್, ಸುತ್ತ ಕುರಿ ಮೇಯುವ ಬಯಲು, ಅಷ್ಟೇ ಆಗಿತ್ತಂತೆ. ಈಗ ನೋಡಿದರೆ ಇದು ಸೇರಿದ ಸೆಲ್ವಿನ್ ಜಿಲ್ಲೆಯಲ್ಲಿ 2013ರ ಜನಗಣತಿಗೆ 44 ಸಾವಿರ ಚಿಲ್ಲರೆ ಜನ, 2018ಕ್ಕೆ 60 ಸಾವಿರ ದಾಟಿತು, 2023ಕ್ಕೆ 78 ಸಾವಿರ. ಹತ್ತೇ ವರ್ಷ. ನಮ್ಮ ಬೀದಿಯಲ್ಲೇ ಪಂಜಾಬಿನವರು, ಕೇರಳದವರು, ಫಿಲಿಪೀನ್ಸ್‌ನವರು ಇದ್ದಾರೆ.

ಇಷ್ಟು ಜನ ಇಲ್ಲಿಗೆ ಯಾಕೆ ಬಂದರು ಅನ್ನುವುದೇ ನಾನು ಹೇಳಬೇಕಾದ ವಿಷಯ. 2011ರ ಫೆಬ್ರವರಿ 22ರಂದು ಕ್ರೈಸ್ಟ್‌ಚರ್ಚ್‌ನಲ್ಲಿ ಭೂಕಂಪ ಆಯಿತು, 185 ಜನ ಸತ್ತರು. ಊರಿನ ಪೂರ್ವಕ್ಕೆ, ಏವನ್ ಹೊಳೆಯ ಅಕ್ಕಪಕ್ಕ, ಹಿಂದೆ ಜೌಗು ಇದ್ದ ತಗ್ಗಿನಲ್ಲಿ ಬಡಾವಣೆಗಳಿದ್ದವು. ಅಲ್ಲಿ ನೆಲದಡಿಯ ಮರಳು ನೀರಿನ ಜೊತೆ ಸೇರಿ ಅಂಬಲಿಯಂತೆ ಮೇಲಕ್ಕೆ ಉಕ್ಕಿತು. ಮನೆಗಳು ವಾಲಿದವು, ಚರಂಡಿ ಪೈಪುಗಳು ಮುರಿದವು. ಹತ್ತಿರ ಹತ್ತಿರ 8 ಸಾವಿರ ಮನೆಗಳ ಜಾಗ ಇನ್ನು ವಾಸಕ್ಕೆ ಆಗುವುದಿಲ್ಲ ಅಂತ ಸರ್ಕಾರ ತೀರ್ಮಾನಿಸಿ, ಬಹುತೇಕ ಎಲ್ಲವನ್ನೂ ಕೊಂಡು ಕೆಡವಿಸಿತು. ನಾನು ಆ ಕಡೆ ಹೋಗಿ ನೋಡಿದ್ದೇನೆ. ರಸ್ತೆ ಹಾಗೇ ಇದೆ. ಮನೆಗಳಿದ್ದಲ್ಲಿ ಬರೀ ಹುಲ್ಲು. ನಡುನಡುವೆ ಯಾರೋ ಹಿತ್ತಲಲ್ಲಿ ನೆಟ್ಟಿದ್ದ ಹಣ್ಣಿನ ಮರಗಳು ಹಾಗೇ ನಿಂತಿವೆ. ಅಲ್ಲಿಂದ ಎದ್ದವರಲ್ಲಿ ಎಷ್ಟೋ ಜನ ಇಲ್ಲಿಗೆ ಬಂದರು. ಇದು ಜಲ್ಲಿಕಲ್ಲಿನ ಗಟ್ಟಿ ಬಯಲು, ನೀರು ನಿಲ್ಲುವುದಿಲ್ಲ.

ಕಾರವಾರದಲ್ಲಿ ಅಂಥ ಭೂಕಂಪ ಆಗುತ್ತದೆ ಅಂತ ನಾನು ಹೇಳುತ್ತಿಲ್ಲ. ನಮಗೆ ಭಯ ನೀರಿನದು. ಇಲ್ಲಿ ವರ್ಷವಿಡೀ ಬೀಳುವ ಮಳೆಗಿಂತ ಜಾಸ್ತಿ ಮಳೆ ನಮ್ಮಲ್ಲಿ ಜುಲೈ ಒಂದರಲ್ಲೇ ಬೀಳುತ್ತದೆ. ಅಷ್ಟು ನೀರು ಗುಡ್ಡದಿಂದ ಇಳಿದು, ಗದ್ದೆಗಳಲ್ಲಿ ನಿಂತು, ನಿಧಾನಕ್ಕೆ ಹಳ್ಳ ಸೇರಿ ಕಾಳಿ ನದಿಗೆ ಹೋಗಬೇಕು. ಉಬ್ಬರ ಇದ್ದಾಗ ಕಾಳಿಯೂ ನೀರು ತೆಗೆದುಕೊಳ್ಳುವುದಿಲ್ಲ. 2019ರ ಆಗಸ್ಟಿನಲ್ಲಿ ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ನದಿ ದಂಡೆಯ ಊರುಗಳು ಹೇಗಾದವು ಅಂತ ನೀನೇ ಕಣ್ಣಾರೆ ನೋಡಿದವನು. ನಮ್ಮ ಗದ್ದೆ ಎರಡು ದಿನ ನೀರು ಹಿಡಿದಿಟ್ಟುಕೊಳ್ಳುತ್ತದೆ ಅಂತಲೇ ಕೆಳಗಿನ ಮನೆಗಳು ಒಣಗಿರುತ್ತವೆ. ಅಲ್ಲಿ ನಾಲ್ಕು ಅಡಿ ಕೆಂಪು ಮಣ್ಣು ಸುರಿದರೆ ಆ ನೀರು ಎಲ್ಲಿಗೆ ಹೋಗಬೇಕು? ಪಕ್ಕದವರ ಅಂಗಳಕ್ಕೆ. ಮಣ್ಣು ತರುವುದೂ ಇನ್ನೊಂದು ಗುಡ್ಡ ಕಡಿದೇ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದದ್ದನ್ನು ನಾವ್ಯಾರೂ ಮರೆತಿಲ್ಲ ಅಲ್ವಾ.

ಜನ ಬರಬಾರದು ಅಂತಲ್ಲ. ಅವರು ಎಲ್ಲಿಗೆ ಹೋಗಬೇಕು? ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ 2011ರ ಲೆಕ್ಕಕ್ಕೆ 14,37,169 ಜನ, ಚದರ ಕಿಲೋಮೀಟರಿಗೆ 140. ಕೇಳಿದರೆ ಎಷ್ಟು ಖಾಲಿ ಜಾಗ ಅನ್ನಿಸುತ್ತದೆ. ಆದರೆ ಬಹುಪಾಲು ಕಾಡು. ಕಾರವಾರದಲ್ಲಂತೂ ಒಂದು ಕಡೆ ಸಮುದ್ರ, ಒಂದು ಕಡೆ ಗುಡ್ಡ, ಉತ್ತರಕ್ಕೆ ಕಾಳಿ, ದಕ್ಷಿಣಕ್ಕೆ ನೌಕಾನೆಲೆ. ಆ ನೌಕಾನೆಲೆಯ ಸೀಬರ್ಡ್ ಯೋಜನೆಗೆ 4 ಸಾವಿರದಷ್ಟು ಕುಟುಂಬಗಳು ಜಾಗ ಬಿಟ್ಟು ಎದ್ದವು. ತೋಡೂರು, ಹಾರವಾಡದ ಕಾಲೋನಿಗಳು ಹುಟ್ಟಿದ್ದೇ ಹಾಗೆ. ಅದರ ಜೊತೆಗೆ ರೈಲು ಬಂತು, ಕೈಗಾ ಅಣುಸ್ಥಾವರ ಬಂತು, ಮೆಡಿಕಲ್ ಕಾಲೇಜು ಬಂತು. ಉಳಿದದ್ದು ಶಿರವಾಡದಂಥ ಊರುಗಳ ಗದ್ದೆ. ಅದಕ್ಕೇ ಎಲ್ಲರ ಕಣ್ಣೂ ಅದರ ಮೇಲೆ.

ಇನ್ನೊಂದು ಬೇಸರದ ವಿಷಯ ಎಂದರೆ, ಬಂದವರ ಲೆಕ್ಕವೇ ಇಲ್ಲ. ನಮ್ಮಲ್ಲಿ 2011ರ ನಂತರ ಜನಗಣತಿ ಆಗಿಲ್ಲ, 2021ರದ್ದು ಮುಂದಕ್ಕೆ ಹೋಗಿ 2027ಕ್ಕೆ ನಿಂತಿದೆ. ಊರು ಬೆಳೆದು ಪೇಟೆಯಂತಾದರೂ ಕಸ, ನೀರು, ಚರಂಡಿ ಎಲ್ಲ ಒಂದು ಪಂಚಾಯ್ತಿಯ ತಲೆಯ ಮೇಲೆ. ಪ್ರತಿ ಮನೆಗೂ ಒಂದು ಬಾವಿ, ಹತ್ತು ಹೆಜ್ಜೆ ಆಚೆ ಪಕ್ಕದ ಮನೆಯ ಶೌಚದ ಗುಂಡಿ. ಕರಾವಳಿಯಲ್ಲಿ ಮಳೆಗಾಲಕ್ಕೆ ಬಾವಿ ನೀರು ಕೈಗೆ ಸಿಗುವಷ್ಟು ಮೇಲೆ ಬರುತ್ತದೆ. ಆಗ ಎರಡೂ ಸೇರದೆ ಇರುತ್ತದಾ?

ಇಲ್ಲಿ ನಾನು ಪೈಪ್ ಹಾಕುವ ಲೇಔಟ್‌ಗಳಲ್ಲಿ ಮನೆ ಬರುವುದು ಕೊನೆಗೆ. ಮೊದಲು ಕಂದಕ ತೋಡುತ್ತೇವೆ. ಎಲ್ಲಕ್ಕಿಂತ ಆಳದಲ್ಲಿ ಕೊಳಚೆ ಪೈಪ್. ಅದರ ಇಳಿಜಾರು ಒಂದು ಬೆರಳಿನಷ್ಟು ತಪ್ಪಿದರೂ ಅಗೆದು ಮತ್ತೆ ಹಾಕಬೇಕು. ಮುಗಿದ ಮೇಲೆ ಒಳಗೆ ಕ್ಯಾಮೆರಾ ಬಿಟ್ಟು ಇಡೀ ಪೈಪ್ ನೋಡುತ್ತಾರೆ. ಆಮೇಲೆ ನೀರು, ಕರೆಂಟು, ರಸ್ತೆ, ಫುಟ್‌ಪಾತ್, ಬೀದಿದೀಪ. ಇದೆಲ್ಲಕ್ಕೂ ಕೌನ್ಸಿಲ್ (ಇಲ್ಲಿನ ಸ್ಥಳೀಯ ಆಡಳಿತ) ಒಪ್ಪಿಗೆ ಕೊಟ್ಟ ಮೇಲೇ ಸೈಟಿನ ಪತ್ರ. ಕೊಳ್ಳುವವರು ಕೌನ್ಸಿಲ್‌ಗೆ ದುಡ್ಡು ಕಟ್ಟಿ ಒಂದು ವರದಿ ಕೇಳಬಹುದು. ಆ ಜಾಗದಲ್ಲಿ ನೆರೆ ಬರುತ್ತದಾ ಅಂತ ಕೌನ್ಸಿಲ್‌ಗೆ ಗೊತ್ತಿರುವುದೆಲ್ಲ ಅದರಲ್ಲಿ ಇರುತ್ತದೆ. ನಮ್ಮಲ್ಲಿ ಅಂಥದ್ದು ಇದ್ದರೆ ಎಷ್ಟು ಜನ ಬಚಾವಾಗುತ್ತಿದ್ದರು.

ಇಲ್ಲೂ ಎಲ್ಲ ಸರಿ ಇದೆ ಅಂತಲ್ಲ. ಒಳ್ಳೆಯ ಕೃಷಿ ಭೂಮಿ ಕಣ್ಣೆದುರೇ ಮನೆಗಳ ಅಡಿಗೆ ಹೋಗುತ್ತಿದೆ. ಕಾರಿಲ್ಲದೆ ಏನೂ ನಡೆಯುವುದಿಲ್ಲ, ಬೆಳಿಗ್ಗೆ ಕ್ರೈಸ್ಟ್‌ಚರ್ಚ್ ರಸ್ತೆ ಪೂರ್ತಿ ಕಾರು. ಆದರೂ ನೀರಿನ ದಾರಿ ಮೊದಲು ನೋಡುತ್ತಾರೆ. ನಮ್ಮವರೂ ಕಲಿಯಬೇಕಾದ್ದು ಅದೊಂದನ್ನೇ.

ತಮ್ಮನ ಕಷ್ಟ ನನಗೆ ಅರ್ಥವಾಗುತ್ತದೆ. ಗದ್ದೆ ಕೆಲಸಕ್ಕೆ ಆಳು ಸಿಗುವುದಿಲ್ಲ, ಅಕ್ಕಿ ಮಾರಿದರೆ ಕೂಲಿಯೂ ಹುಟ್ಟುವುದಿಲ್ಲ. ಅವನಿಗೆ ದುಡ್ಡು ಬೇಕು, ಮಕ್ಕಳ ಓದು ಇದೆ. ಅದಕ್ಕೇ ಮೇಲಿನ ಜಾಗದಲ್ಲಿ ನನ್ನ ಪಾಲಿಗೆ ಬರುವುದನ್ನೂ ಅವನಿಗೇ ಕೊಡು. ಕೆಳಗಿನದನ್ನು ಬೇಕಾದರೆ ಗೇಣಿಗೆ ಕೊಡೋಣ, ಇಲ್ಲ ಪಾಳು ಬಿದ್ದರೂ ಬೀಳಲಿ. ನಮ್ಮ ಅಜ್ಜ ಬದು ಕಟ್ಟಿದ ಗದ್ದೆ ಅನ್ನುವ ಪ್ರೀತಿ ನನಗೂ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಈ ಮಾತು ಅದಕ್ಕಲ್ಲ. ಕೆಳಗಿನ ಕೇರಿಯಲ್ಲಿ ಇರುವವರೆಲ್ಲ ನಮ್ಮವರೇ.

ಸದ್ಯಕ್ಕೆ ಎರಡು ಕೆಲಸ ಮಾಡು. ಸರ್ವೆ ನಕಾಶೆಯ ಫೋಟೋ ವಾಟ್ಸಾಪ್‌ನಲ್ಲಿ ಕಳಿಸು, ಹಳ್ಳ ಎಲ್ಲಿ ಹಾದು ಹೋಗುತ್ತದೆ ಅಂತ ನಾನು ನೋಡುತ್ತೇನೆ. ಮತ್ತೆ ಮುಂದಿನ ಗ್ರಾಮಸಭೆಗೆ ತಮ್ಮನನ್ನೂ ಕರೆದುಕೊಂಡು ಹೋಗಿ ಈ ನೀರಿನ ವಿಷಯ ಎತ್ತು. ಒಬ್ಬನೇ ಹೇಳಿದರೆ ಯಾರೂ ಕೇಳುವುದಿಲ್ಲ, ಕೆಳಗಿನ ಕೇರಿಯವರೂ ಬರಲಿ. ಏಜೆಂಟ್ ಎಷ್ಟೇ ಅವಸರ ಮಾಡಿದರೂ ನಾನು ಡಿಸೆಂಬರಿನಲ್ಲಿ ಬರುವವರೆಗೆ ಯಾವ ಕಾಗದಕ್ಕೂ ಸಹಿ ಬೇಡ. ಅಡ್ವಾನ್ಸ್ ಅಂತೂ ತೆಗೆದುಕೊಳ್ಳಲೇಬೇಡ.

ಆಯಿಯ ಮಂಡಿ ನೋವಿಗೆ ಡಾಕ್ಟರು ಏನೆಂದರು ಅಂತ ಭಾನುವಾರ ಫೋನಿನಲ್ಲಿ ಹೇಳಿ.

ನಿಮ್ಮ ಮಗ