ಗಾಜಿನ ಮೇಲೆ ಬೆರಳಿಟ್ಟು ಆರ್‌ಎಂಮಾಡ್ ಮಾಡಿ ನೋಡು

ಪ್ರೀತಿಯ ಪುಟ್ಟಾ,

ಮೊನ್ನೆ ರಾತ್ರಿ ನೀನು ಕಳಿಸಿದ, ನಿನ್ನ ಲಿನಕ್ಸ್ ಟಚ್‌ಸ್ಕ್ರೀನ್ ಡ್ರೈವರ್‌ನ (ಟಚ್ ಚಿಪ್ ಜೊತೆ ಮಾತಾಡುವ ಕೋಡ್) ಲಾಗ್ ನೋಡಿದೆ. 'ಶೆಡ್ಯೂಲಿಂಗ್ ವೈಲ್ ಅಟಾಮಿಕ್' ಅಂತ ಬಂದಿದೆಯಲ್ಲ, ಅಂದರೆ ಮಲಗಬಾರದ ಕಡೆ ಕೋಡ್ ಮಲಗಲು ಹೋಗಿದೆ ಅಂತ, ಅದಕ್ಕೆ ಹೆದರಬೇಡ. ನಾನೂ ಆ ಸಾಲು ಎಷ್ಟು ಸಲ ತಿಂದಿದ್ದೇನೋ ಲೆಕ್ಕವಿಲ್ಲ. ಫೋನಿನಲ್ಲಿ ಹೇಳಿದರೆ ಹೂಂ ಹೂಂ ಅಂದು ಮರೆತುಬಿಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಟಚ್ ಚಿಪ್ ಕೂತಿರುವುದು ಐ2ಸಿ ಬಸ್ (ಚಿಪ್‌ಗಳನ್ನು ಜೋಡಿಸುವ ಎರಡು ತಂತಿ) ಮೇಲೆ. ಅದು ನಿಧಾನದ ಬಸ್. 400 ಕಿಲೋಹರ್ಟ್ಸ್‌ನಲ್ಲಿ ಓಡಿಸಿದರೂ ಒಂದು ಬೈಟ್‌ಗೆ 9 ಕ್ಲಾಕ್ ಬೇಕು, ಅಂದರೆ ಸುಮಾರು 22 ಮೈಕ್ರೋಸೆಕೆಂಡ್. ಅಲ್ಲಿಯ ತನಕ ಡ್ರೈವರ್ ಮಲಗಿ (ಸಿಪಿಯು ಬಿಟ್ಟುಕೊಟ್ಟು) ಕಾಯುತ್ತದೆ. ನೀನು ಈ ಓದುವ ಕೆಲಸವನ್ನು ಹಾರ್ಡ್ ಇಂಟರಪ್ಟ್ ಹ್ಯಾಂಡ್ಲರ್ (ಚಿಪ್ ಕರೆದ ಕೂಡಲೇ ಓಡುವ ಫಂಕ್ಷನ್) ಒಳಗೇ ಇಟ್ಟಿದ್ದೀಯ. ಅದು ಓಡುವುದು ಯಾರದೋ ಕೆಲಸವನ್ನು ಅರ್ಧಕ್ಕೆ ನಿಲ್ಲಿಸಿ, ಅವರ ಸಿಪಿಯು ಮೇಲೆ. ಅಲ್ಲಿ ಮಲಗುವ ಹಾಗಿಲ್ಲ. ಮ್ಯೂಟೆಕ್ಸ್ (ಸಿಗದಿದ್ದರೆ ಮಲಗಿ ಕಾಯುವ ಬೀಗ) ಹಿಡಿಯುವ ಹಾಗಿಲ್ಲ, ಜಿಎಫ್‌ಪಿ ಕರ್ನಲ್ ಅಂತ (ಅದೂ ಮಲಗಬಹುದು) ಮೆಮೊರಿ ಕೇಳುವ ಹಾಗೂ ಇಲ್ಲ.

ಅದಕ್ಕೇ, ಕೆಲಸವನ್ನು ಒಂದು ಥ್ರೆಡ್‌ಗೆ (ತನ್ನ ಸರದಿಯಲ್ಲಿ ಓಡುವ, ಮಲಗಬಲ್ಲ ಕೆಲಸಗಾರ) ಒಪ್ಪಿಸುವ ರಿಕ್ವೆಸ್ಟ್ ಥ್ರೆಡೆಡ್ ಐಆರ್‌ಕ್ಯೂ ಬಳಸು. 2009ರಲ್ಲಿ 2.6.30 ಕರ್ನಲ್ ಜೊತೆಗೆ ಬಂದದ್ದು. ಮೊದಲ ಹ್ಯಾಂಡ್ಲರ್ ಜಾಗದಲ್ಲಿ ನಲ್ (ಖಾಲಿ) ಕೊಡು, ಓದುವುದನ್ನೆಲ್ಲ ಥ್ರೆಡ್‌ಗೆ ಬಿಡು. ಒನ್‌ಶಾಟ್ ಫ್ಲ್ಯಾಗ್ ಮಾತ್ರ ಮರೆಯಬೇಡ. ನಿನ್ನದು ಲೆವೆಲ್ ಟ್ರಿಗರ್ ಲೈನ್ ಅಲ್ವಾ? ಸ್ಟೇಟಸ್ ಓದುವ ತನಕ ಚಿಪ್ ಆ ಲೈನ್ ಹಿಡಿದೇ ಇರುತ್ತದೆ. ಥ್ರೆಡ್ ಮುಗಿಯುವವರೆಗೆ ಲೈನ್ ಮುಚ್ಚಿಡುವುದೇ ಒನ್‌ಶಾಟ್ ಕೆಲಸ. ಲೈನ್ ಮುಚ್ಚದಿದ್ದರೆ ಥ್ರೆಡ್‌ಗೆ ಸರದಿ ಬರುವ ಮೊದಲೇ ಇಂಟರಪ್ಟ್ ಮೇಲೆ ಇಂಟರಪ್ಟ್.

ಹಾಗೇ, ನೀನು ಕಂಡಲ್ಲೆಲ್ಲ ಸ್ಪಿನ್‌ಲಾಕ್ (ಹಿಡಿದವರು ಮಲಗಬಾರದ ಬೀಗ) ಹಾಕಿದ್ದೀಯ. ಅದನ್ನು ಹಿಡಿದುಕೊಂಡು ಐ2ಸಿ ಓದಿದರೆ ಥ್ರೆಡ್‌ನಲ್ಲೂ ಅದೇ ಬೈಗುಳ ಬರುತ್ತದೆ. ಥ್ರೆಡ್‌ಗೆ ಹೋದ ಮೇಲೆ ಮ್ಯೂಟೆಕ್ಸ್ ಸಾಕು.

ನಿನ್ನ ಹ್ಯಾಂಡ್ಲರ್ ಯಾವಾಗಲೂ 'ಹ್ಯಾಂಡಲ್ಡ್' ಅಂತ ಹೇಳಿ ಕೈತೊಳೆದುಕೊಳ್ಳುತ್ತಿದೆ, ಅದೂ ಬೇಡ. ಕೆಲಸ ನಿನ್ನದಲ್ಲದಿದ್ದರೆ 'ನನ್' (ನನ್ನದಲ್ಲ) ಅನ್ನು. ಕರ್ನಲ್ ಒಂದು ಲಕ್ಷ ಇಂಟರಪ್ಟ್‌ಗೊಮ್ಮೆ ಲೆಕ್ಕ ನೋಡುತ್ತದೆ. ಅದರಲ್ಲಿ 99,900ಕ್ಕಿಂತ ಜಾಸ್ತಿ ಯಾರದೂ ಅಲ್ಲದಿದ್ದರೆ 'ನೋಬಡಿ ಕೇರ್ಡ್' ಅಂತ ಕೂಗಿ ಆ ಲೈನ್ ಮುಚ್ಚುತ್ತದೆ. ನೀನು ಸುಳ್ಳು ಹೇಳುತ್ತಿದ್ದರೆ ಅದಕ್ಕೆ ಗೊತ್ತೇ ಆಗುವುದಿಲ್ಲ, ಸಿಪಿಯು ಸುಮ್ನೆ ಬೇಯುತ್ತಿರುತ್ತದೆ.

ಇನ್ನು ನನ್ನದೇ ಒಂದು ಕಥೆ. ಹಿಂದೆ ಒಂದು ಪ್ಯಾನೆಲ್ ಡ್ರೈವರ್‌ನಲ್ಲಿ ಇಂಟರಪ್ಟನ್ನು ಡೆವ್‌ಎಂ (ಡ್ರೈವರ್ ಹೋದಾಗ ತಾನೇ ಎಲ್ಲ ಬಿಡುಗಡೆ ಮಾಡುವ ವ್ಯವಸ್ಥೆ) ಮೂಲಕ ತೆಗೆದುಕೊಂಡಿದ್ದೆ, ಬಫರ್ ಮಾತ್ರ, ನಾವೇ ಬಿಡುಗಡೆ ಮಾಡಬೇಕಾದ ಕೆಮ್ಯಾಲಕ್‌ನಿಂದ. ಡ್ರೈವರ್ ತೆಗೆಯುವಾಗ ಓಡುವ ರಿಮೂವ್ ಫಂಕ್ಷನ್‌ನಲ್ಲಿ ಅಚ್ಚುಕಟ್ಟಾಗಿ ಬಫರ್ ಬಿಡುಗಡೆ ಮಾಡಿ ಹೊರಬಂದೆ. ಡೆವ್‌ಎಂ ಇಂಟರಪ್ಟ್ ಬಿಡುವುದು ರಿಮೂವ್ ಮುಗಿದ ಮೇಲೆ. ನಡುವೆ ಒಂದು ಸಣ್ಣ ಸಂದಿ. ನನ್ನ ಮೇಜಿನ ಮೇಲೆ ಯಾವತ್ತೂ ತೊಂದರೆಯಿಲ್ಲ, ಟೆಸ್ಟ್ ಮಾಡುವ ಹುಡುಗಿಯ ಹತ್ತಿರ ಮಾತ್ರ ಆಗಾಗ ಕ್ರ್ಯಾಶ್. ಮೂರು ದಿನ ಕೋಡ್ ಓದಿದೆ. ಕೊನೆಗೆ ಅವಳ ಪಕ್ಕ ಹೋಗಿ ಕೂತೆ. ಅವಳು ಆರ್‌ಎಂಮಾಡ್ (ಡ್ರೈವರ್ ತೆಗೆಯುವ ಆಜ್ಞೆ) ಟೈಪ್ ಮಾಡುವಾಗ ಬೋರ್ಡ್ ಜಾರದಿರಲಿ ಅಂತ ಎಡಗೈ ಹೆಬ್ಬೆರಳನ್ನು ಗಾಜಿನ ಮೇಲೆ ಒತ್ತಿ ಹಿಡಿಯುತ್ತಿದ್ದಳು! ಬಫರ್ ಹೋದಮೇಲೂ ಟಚ್ ಬರುತ್ತಿತ್ತು, ಹ್ಯಾಂಡ್ಲರ್ ಹೋಗಿ ಅದೇ ಜಾಗಕ್ಕೆ ಬರೆಯುತ್ತಿತ್ತು. ಬಫರನ್ನೂ ಡೆವ್‌ಎಂನಿಂದಲೇ, ಇಂಟರಪ್ಟ್‌ಗಿಂತ ಮೊದಲು ತೆಗೆದುಕೊಂಡೆ. ಡೆವ್‌ಎಂ ಹಿಂದುಮುಂದಾಗಿ ಬಿಚ್ಚುತ್ತದೆ, ಆಗ ಇಂಟರಪ್ಟ್ ಮೊದಲು ಹೋಗುತ್ತದೆ. ಓಡುತ್ತಿರುವ ಹ್ಯಾಂಡ್ಲರ್ ಮುಗಿಯುವ ತನಕ, ಇಂಟರಪ್ಟ್ ಬಿಡುವ ಫ್ರೀ ಐಆರ್‌ಕ್ಯೂ ಕಾಯುತ್ತದೆ ಕೂಡ. ನಿನ್ನ ರಿಮೂವ್‌ನಲ್ಲೂ ಅದೇ ಸಂದಿ ಇದೆ, ನೋಡಿಕೋ.

ಇದೆಲ್ಲ ಸರಿಮಾಡಿ, ಪ್ರಾಕ್ ಇಂಟರಪ್ಟ್ಸ್ ಫೈಲ್ ತೆರೆದು ನಿನ್ನ ಸಾಲಿನ ಇಂಟರಪ್ಟ್ ಎಣಿಕೆ ನೋಡು. ಬೆರಳಿಟ್ಟಾಗ ಏರಬೇಕು, ತೆಗೆದಾಗ ನಿಲ್ಲಬೇಕು. ಆಮೇಲೆ ಗಾಜಿನ ಮೇಲೆ ಹೆಬ್ಬೆರಳಿಟ್ಟುಕೊಂಡೇ ಐವತ್ತು ಸಲ ಆರ್‌ಎಂಮಾಡ್ ಮಾಡಿ ಲಾಗ್ ಕಳಿಸು. ಊಟ ಮಾಡಿದ ಮೇಲೆ. ರಾತ್ರಿ ಎರಡಕ್ಕೆ ಮಲಗುತ್ತೀಯಂತೆ, ನಿಮ್ಮಮ್ಮ ಹೇಳಿದಳು.

ನಿನ್ನ ಚಿಕ್ಕಮ್ಮ